ಬಾಣನಿಗೆ ಅಡ್ಡ ನಿಂತ ಕುಳ್ಳ

ನನ್ನ ತಮ್ಮನನ್ನು ಎಲ್ಲರೂ ಕುಳ್ಳ ಎಂದೇ ಕರೆಯುತ್ತಾರೆ. ಹೆತ್ತ ಅಮ್ಮನೂ ಅಷ್ಟೆ, ಸಿಟ್ಟು ಬಂದಾಗ ಮಾತ್ರ ಅವನ ನಿಜವಾದ ಹೆಸರು ಹಿಡಿದು ಕೂಗುತ್ತಾಳೆ. ಅಮ್ಮ ಸಿಟಿ ಬಸ್ಸಿನ ಡ್ರೈವರ್. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಎರಡು ಕೋಣೆಯ ಮನೆಯಲ್ಲಿ ನಾವು ಮೂವರೇ.

ಕುಳ್ಳ ನಮ್ಮೂರಿನ ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಎಡಗಡೆಯ ಡಿಫೆಂಡರ್. ಅಂದರೆ ಗೋಲು ಹೊಡೆಯುವವನಲ್ಲ, ಹೊಡೆಯಲು ಬಿಡದವನು. ಅಂಥವರ ಫೋಟೋ ಯಾರೂ ತೆಗೆಯುವುದಿಲ್ಲ. ಮೇಲಾಗಿ ಇವನು ಗಿಡ್ಡ, ಸಣಕಲ. ದೊಡ್ಡ ತಂಡದ ಕೋಚ್ ಇವನ ಹೆಸರು ಕೇಳುವ ಗೋಜಿಗೂ ಹೋಗಿರಲಿಲ್ಲ. "ಏ ಲೆಫ್ಟು, ಆ ಕಡೆ ಹೋಗು" ಅನ್ನುತ್ತಿದ್ದರಂತೆ.

ಆ ವರ್ಷ ದೊಡ್ಡ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದಕ್ಕೆ ಬೇರೆ ಬೇರೆ ಊರುಗಳ ಎತ್ತರದ, ಕಟ್ಟುಮಸ್ತಾದ ಹುಡುಗರು ಪೈಪೋಟಿಗೆ ಬಂದಿದ್ದರು. ಆಯ್ಕೆಗೆ ಮುಂಚಿನ ಕೊನೆಯ ಅಭ್ಯಾಸ ಪಂದ್ಯ ನೋಡಲು ಮನೆಯವರನ್ನೂ ಒಳಗೆ ಬಿಟ್ಟರು. ಅಮ್ಮ ಡ್ಯೂಟಿ ಬಟ್ಟೆಯಲ್ಲೇ ಓಡೋಡಿ ಬಂದಳು.

ಕುಳ್ಳನ ಎದುರಿಗೆ ಸಿಕ್ಕವನು ದೊಡ್ಡ ತಂಡದ ಬಾಣ. ಹುಡುಗರು ಇಟ್ಟ ಹೆಸರು ಅದು. ಕ್ಲಬ್ಬಿನಲ್ಲಿ ಅವನಷ್ಟು ಜೋರಾಗಿ ಓಡುವವರು ಇನ್ನೊಬ್ಬರಿಲ್ಲ. ಆಟ ಶುರುವಾಗಿ ಯಾರಿಗೂ ಇನ್ನೂ ಬೆವರು ಮೂಡಿರಲಿಲ್ಲ, ಬಾಣ ಭುಜ ಒಂದು ಕಡೆ ಬಾಗಿಸಿ ಇನ್ನೊಂದು ಕಡೆ ನುಗ್ಗಿದ. ಕುಳ್ಳ ಮೋಸ ಹೋಗಿ ಮುಗ್ಗರಿಸಿ ಬಿದ್ದ. ಗೋಲು.

ನಮ್ಮ ಪಕ್ಕದವರೊಬ್ಬರು, "ಈ ಚಿಕ್ಕವನನ್ನ ಯಾಕ್ರೀ ಇಳಿಸಿದ್ರು?" ಅಂದರು.

"ಅವನು ನನ್ನ ಮಗ. ಇನ್ನೂ ಆಟ ಇದೆ, ಸ್ವಲ್ಪ ಕೂತ್ಕೊಂಡು ನೋಡಿ," ಅಂದಳು ಅಮ್ಮ.

ವಿರಾಮದಲ್ಲಿ ಕುಳ್ಳ ಬೇಲಿಯ ಹತ್ತಿರ ಬಂದ. ಮುಖ ಬಾಡಿತ್ತು. "ಅವನ ಕಾಲೇ ಕಣ್ಣಿಗೆ ಬೀಳಲ್ಲ ಅಕ್ಕಾ, ಅಷ್ಟು ಜೋರು."

"ಕಾಲು ಯಾಕೋ ನೋಡ್ತೀಯ?" ಅಮ್ಮ ನಡುವೆ ಬಾಯಿ ಹಾಕಿದಳು. "ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗೋರು ರೋಡ್ ತುಂಬಾ ಇದಾರೆ. ಅವರನ್ನ ನಂಬಿದ್ರೆ ನನ್ನ ಬಸ್ಸು ಯಾವತ್ತೋ ಗುಜರಿ ಸೇರ್ತಿತ್ತು."

ಕುಳ್ಳ ಸ್ವಲ್ಪ ಯೋಚಿಸಿ ನಕ್ಕ. "ಸೊಂಟ ನೋಡ್ತೀನಿ ಬಿಡಮ್ಮ. ಅದು ಸುಳ್ಳು ಹೇಳಲ್ಲ."

ಆಮೇಲೆ ಅವನು ಬಾಣನ ಮೇಲೆ ಎರಗಿ ಹೋಗಲೇ ಇಲ್ಲ. ಒಂದು ಮಾರು ದೂರ ನಿಂತು, ಹಿಂದಹಿಂದಕ್ಕೆ ಸರಿಯುತ್ತ, ಅವನನ್ನು ಮೈದಾನದ ಅಂಚಿನ ಗೆರೆಯ ಕಡೆಗೇ ಒತ್ತಿಕೊಂಡು ಹೋದ. ಬಾಣ ಭುಜ ಬಾಗಿಸಿದ, ಇವನು ಕದಲಲಿಲ್ಲ. ಮತ್ತೆ ಬಾಗಿಸಿದ, ಚೆಂಡು ಇವನ ಕಾಲಲ್ಲಿತ್ತು. ಬಾಣ ಹಲ್ಲು ಕಡಿದ, ರೇಗಿದ, ಕೊನೆಗೆ ಬೇಸತ್ತು ಮೈದಾನದ ಇನ್ನೊಂದು ಅಂಚಿಗೇ ಹೋಗಿಬಿಟ್ಟ. ಅಲ್ಲಿದ್ದ ಎತ್ತರದ ಡಿಫೆಂಡರ್‌ನನ್ನು ನೀರು ಕುಡಿದಷ್ಟು ಸಲೀಸಾಗಿ ದಾಟಿದ.

ಆಗ ಕೋಚ್ ಎದ್ದು ನಿಂತು ಕೂಗಿದರು: "ಕುಳ್ಳಾ! ಬಲಗಡೆ ಹೋಗು! ಅವನನ್ನ ಬಿಡ್ಬೇಡ!"

ಅಮ್ಮ ನನ್ನ ತೋಳು ಗಿಲ್ಲಿದಳು. "ಕೇಳಿಸ್ತಾ? ಲೆಫ್ಟು ಅನ್ಲಿಲ್ಲ!"

ಎಡಗಾಲಲ್ಲೇ ಆಡಿ ಬೆಳೆದ ಹುಡುಗನಿಗೆ ಬಲಗಡೆ ಎಂದರೆ ಎಲ್ಲ ತಲೆಕೆಳಗು. ಒಮ್ಮೆ ಎಡವಿದ. ಒಮ್ಮೆ ದಿಕ್ಕು ತೋಚದೆ ಚೆಂಡನ್ನು ಮೈದಾನದ ಆಚೆಗೇ ಒದ್ದ. ಆದರೂ ಬಾಣನಿಗೆ ದಾರಿ ಬಿಡಲಿಲ್ಲ. ಆಟ ಮುಗಿದಾಗ ಬಾಣನೇ ಬಂದು ಅವನ ಕೂದಲು ಕೆದರಿ, "ಪ್ರಾಣ ತಿಂದೆ ಕಣೋ ಇವತ್ತು" ಅಂದನಂತೆ.

ಕೋಚ್ ಅವನನ್ನು ತಮ್ಮ ಕೋಣೆಗೆ ಕರೆದರು. ನೋವಿನ ಎಣ್ಣೆಯ ವಾಸನೆ ಹೊಡೆಯುತ್ತಿದ್ದ ಕಾರಿಡಾರಿನಲ್ಲಿ ಅಮ್ಮನೂ ನಾನೂ ನಿಂತೆವು. ಬಾಗಿಲು ತೆರೆದೇ ಇತ್ತು.

"ಒಂದು ವರ್ಷಕ್ಕೆ ತಗೋತೀನಿ. ಆಡಿಸ್ತೀನಿ ಅಂತ ಮಾತು ಕೊಡಲ್ಲ. ಬೆಂಚ್ ಮೇಲೆ ಕೂರೋಕೆ ತಯಾರಿದೀಯಾ?"

"ಕೂತು ಅಭ್ಯಾಸ ಇದೆ ಸರ್," ಅಂದ ಕುಳ್ಳ.

ಪಂದ್ಯಗಳು ಶುರುವಾದವು. ಕೋಚ್ ಹೇಳಿದಂತೆಯೇ ಅವನು ಕೂತ, ಕೂತೇ ಇದ್ದ. ಬೆಳಗಾದರೆ ಮತ್ತೆ ಅಭ್ಯಾಸಕ್ಕೆ ಹಾಜರು. ಕಡೆಗೊಂದು ದಿನ, ತಂಡ ಒಂದು ಗೋಲು ಮುಂದಿದ್ದಾಗ, ಕೊನೆಯ ಕೆಲವು ನಿಮಿಷಗಳಿಗೆ ಅವನನ್ನು ಇಳಿಸಿದರು. ಚೆಂಡು ಅವನ ಕಾಲಿಗೆ ಸಿಕ್ಕಿದ್ದೇ ಎರಡು ಸಲ. ಎರಡೂ ಸಲ ಜೋಪಾನವಾಗಿ ಗೋಲ್‌ಕೀಪರ್‌ಗೆ ಹಿಂದಕ್ಕೆ ತಳ್ಳಿದ. ತಂಡ ಗೆದ್ದಿತು.

ಮಾರನೆಯ ದಿನ ಅಮ್ಮ ಡಿಪೋದಲ್ಲಿ ಊಟದ ಹೊತ್ತು ಪೂರ್ತಿ ಆ ಎರಡು ಒದೆತಗಳನ್ನೇ ಬಣ್ಣಿಸಿದಳಂತೆ. ಮೆಕ್ಯಾನಿಕ್ ಕೇಳಿದನಂತೆ, "ಅಲ್ಲಮ್ಮ, ಗೋಲು ಹೊಡೆದಿದ್ದು ಯಾರು?"

"ಅದ್ಯಾರೋ ಒಬ್ಬ," ಅಂದಳಂತೆ ಅಮ್ಮ.