ವಾರಕ್ಕೊಂದು ವೇಷ ಹಾಕಿದ ಥರ್ಮನ್

ಶುಕ್ರವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟಾಲಿವರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಥರ್ಮನ್ ಗ್ಯಾಡ್ಸನ್ ಉದ್ದನೆಯ ಹಗ್ಗವೊಂದನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದಾರೆ. ಇಬ್ಬನಿ ಕೊಡವದೆ ಬಣ್ಣ ಹೊಡೆದರೆ ಗೆರೆ ಹುಲ್ಲಿಗೆ ಹಿಡಿಯುವುದಿಲ್ಲ. ಹಗ್ಗ ಕೆಳಗಿಟ್ಟ ಮೇಲೆ ದಾರ ಬಿಗಿಯುತ್ತಾರೆ, ಬಣ್ಣದ ಗಾಡಿ ತಳ್ಳುತ್ತಾರೆ, ಹಿಂತಿರುಗಿ ಒಂದು ಕಣ್ಣು ಮುಚ್ಚಿ ಗೆರೆ ನೋಡುತ್ತಾರೆ. ಮೂವತ್ತು ವರ್ಷದಿಂದ ಇದೇ ಕೆಲಸ. ಈ ಹುಲ್ಲಿನ ಜೊತೆಗೇ ಹುಟ್ಟಿದವರು ಎಂದು ಕಾಲೇಜಿನ ಹುಡುಗರು ತಮಾಷೆ ಮಾಡುವುದುಂಟು.

ಮೈದಾನದ ನಡುವಿಗೆ ಹೋಗಿ ನೋಡಿದರೆ ಅಲ್ಲಿ ಆಗಲೇ ಆಳೆತ್ತರದ ಏಳರ ಅಂಕಿ ಬೆಳ್ಳಗೆ ಹೊಳೆಯುತ್ತಿದೆ!

"ಮಿಸ್ಟರ್ ಥರ್ಮನ್, ಯಾರ ನಂಬರ್ ಅಂತ ತೀರ್ಮಾನ ಆಗೋದು ತಿಂಡಿ ಹೊತ್ತಿಗಲ್ವಾ?" ಎನ್ನುತ್ತೇನೆ, ಊರಿನ ಪತ್ರಿಕೆಗೆ ಬರೆಯುವ ನಾನು.

"ತೀರ್ಮಾನ ಮಾಡೋಕೆ ಏನಿದೆ ಅದ್ರಲ್ಲಿ? ಐಸಾಯಾ ಬಿಟ್ರೆ ಇನ್ಯಾರಿದ್ದಾರೆ? ಅವ್ರು ಮಾತಾಡ್ತಾ ಕೂರ್ಲಿ. ನನ್ನ ಬಣ್ಣ ಒಣಗ್ಬೇಕಲ್ಲಮ್ಮಾ."

ಅಕ್ಟೋಬರ್‌ನ ಈ ಶನಿವಾರ ಹಳೆಯ ವಿದ್ಯಾರ್ಥಿಗಳೆಲ್ಲ ನಮ್ಮೂರು ಹಾರ್ಲೋ ಕ್ರೀಕ್‌ಗೆ ಮರಳುತ್ತಾರೆ. ಹಿಂದಿನ ದಿನ ಬೆಳಿಗ್ಗೆ ಹಳೆಯ ಆಟಗಾರರು ಮಿಸ್ ಒಡೆಸ್ಸಾರ ಹೋಟೆಲಿನಲ್ಲಿ ಸೇರಿ, ವಾದ ಮಾಡಿ, ಒಬ್ಬನನ್ನು ಆರಿಸುತ್ತಾರೆ. ಅವನ ನಂಬರನ್ನು ಮೈದಾನದ ನಡುವೆ ಬರೆಯುವುದು, ಪಂದ್ಯಕ್ಕೆ ಮೊದಲು ಅವನು ಬಂದು ಅದರ ಮೇಲೆ ನಿಲ್ಲುವುದು ರೂಢಿ. ಒಂದು ವರ್ಷ ಅತಿ ವೇಗದ ಓಟಗಾರ, ಇನ್ನೊಂದು ವರ್ಷ ಅತಿ ಮೊಂಡ. ಈ ಸಲ ತಂಡಕ್ಕೆ ನೂರು ತುಂಬಿದೆ. ಹಾಗಾಗಿ ಪ್ರಶ್ನೆಯೂ ದೊಡ್ಡದು: ಎಸೆಯಲು, ಹಿಡಿಯಲು, ಓಡಲು, ಕೆಡವಲು, ಒದೆಯಲು, ಎಲ್ಲದಕ್ಕೂ ಸೈ ಎನಿಸಿಕೊಂಡವನು ಈ ನೂರು ವರ್ಷದಲ್ಲಿ ಯಾರು?

ಥರ್ಮನ್‌ಗೆ ಇದು ಬರೀ ಹರಟೆಯಲ್ಲ. ಡೆಟ್ರಾಯಿಟ್‌ನಲ್ಲಿ ನೆಲೆಸಿರುವ ಐಸಾಯಾ ಪೆಟ್‌ವೇ ಎಷ್ಟೋ ವರ್ಷಗಳ ಮೇಲೆ ಊರಿಗೆ ಬಂದಿದ್ದಾರೆ. ಅವರು ಅಂಗಳಕ್ಕೆ ಕಾಲಿಟ್ಟಾಗ ಅವರ ಏಳು ಅಲ್ಲಿರಬೇಕು. "ಅವನು ನನ್ನ ದೋಸ್ತ್. ಅವನ ಆಟ ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ" ಎನ್ನುತ್ತಾರೆ.

ಹತ್ತಿರದಿಂದ ಎಂದರೆ ಅಕ್ಷರಶಃ ಹತ್ತಿರದಿಂದ. ಥರ್ಮನ್ ಕೂಡ ನಾಲ್ಕು ವರ್ಷ ಈ ತಂಡದಲ್ಲಿದ್ದವರು. ಆದರೆ ಅಭ್ಯಾಸದ ದಿನಗಳಲ್ಲಿ ಮಾತ್ರ. ಮುಂದಿನ ಶನಿವಾರದ ಎದುರಾಳಿ ತಂಡದಲ್ಲಿ ಯಾರು ಅಪಾಯದ ಆಟಗಾರನೋ, ವಾರವಿಡೀ ಥರ್ಮನ್ ಅವನಾಗಬೇಕು. ಸೋಮವಾರ ಕೋಚ್ ಒಂದು ಕೆಂಪು ಬನಿಯನ್ನಿಗೆ ಅಂಟುಪಟ್ಟಿಯಲ್ಲಿ ಅವನ ನಂಬರ್ ಅಂಟಿಸಿ ಕೊಡುತ್ತಿದ್ದರು. ಒಂದು ವಾರ ಚೆಂಡು ಎಸೆಯುವವನು, ಮತ್ತೊಂದು ವಾರ ಓಟಗಾರ, ಮಗದೊಂದು ವಾರ ಅಡ್ಡ ನಿಲ್ಲುವ ದೈತ್ಯ. ನಮ್ಮವರು ಅವರ ಮೇಲೆ ಬಿದ್ದು ಬಿದ್ದು ಕಲಿಯುತ್ತಿದ್ದರು. ಶನಿವಾರ ಬಂತೆಂದರೆ, ಗಾಯವಾಗಿ ಮನೆಯಲ್ಲಿ ಕೂತ ಯಾರದೋ ಜೆರ್ಸಿ ತೊಟ್ಟು ಇವರು ಬೆಂಚಿನ ಮೇಲೆ. ಒಂದೇ ಒಂದು ಪಂದ್ಯದಲ್ಲೂ ಅಂಗಳಕ್ಕೆ ಇಳಿಯಲಿಲ್ಲ.

"ಒಂದ್ಸಲ ಕೇಳ್ದೆ, ಕೋಚ್, ನನ್ನನ್ನೂ ಒಂದಿನ ಇಳಿಸಿ ಅಂತ. ನಿನ್ನ ಕಾಲು ಮುರಿದ್ರೆ ಮುಂದಿನ ವಾರ ನನಗೆ ಎದುರಾಳಿನ ಯಾರು ತಂದುಕೊಡ್ತಾರೆ ಅಂದ್ರು. ಹೊಗಳಿದ್ರೋ ಬೈದ್ರೋ, ಇವತ್ತಿಗೂ ಗೊತ್ತಾಗಿಲ್ಲ" ಎಂದು ನಗುತ್ತಾರೆ.

ಆ ನಗು ಒಂದು ಮಾತಿಗೆ ಮಾತ್ರ ನಿಲ್ಲುತ್ತದೆ. ಅವರ ತಾಯಿ ಮಿಸ್ ಲೂವಿನಿಯಾ ಊರಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವರು. ಒಂದು ಶನಿವಾರ ರಜೆ ಹಾಕಿ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಮಗನ ಆಟ ನೋಡಲು ಬಂದರು. ಪಂದ್ಯ ಮುಗಿದ ಮೇಲೆ ಮಗನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಬಟ್ಟೆ ಕೊಳೆನೇ ಆಗ್ಲಿಲ್ವಲ್ಲೋ ಮಗಾ" ಎಂದರಂತೆ. ಮನೆಗೆ ಹೋಗಿ ಆ ಶುಭ್ರ ಬಟ್ಟೆಯನ್ನೇ ಒಗೆದು ಒಣಹಾಕಿದರಂತೆ. ಇದನ್ನು ಹೇಳುವಾಗ ಥರ್ಮನ್ ನನ್ನ ಕಡೆ ನೋಡುವುದಿಲ್ಲ, ಹಗ್ಗ ಸುತ್ತುತ್ತಾರೆ.

ಒಡೆಸ್ಸಾರ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ಜೋಳದ ಗಂಜಿ, ಹುರಿದ ಮೀನು, ಮೆತ್ತನೆಯ ಬನ್ನಿನಂಥ ಬಿಸಿ ಬಿಸ್ಕತ್ತುಗಳ ವಾಸನೆ. ಕಾಲಿಡಲು ಜಾಗವಿಲ್ಲ. ಕ್ಷೌರಿಕ ಸೀಫಸ್ ಮೇಹ್ಯೂ ಎಂದಿನಂತೆ ಎದ್ದು ನಿಂತಿದ್ದಾರೆ. ಅವರದು ಹಳೆಯ ಆಟಗಾರ ಡೆವಿಟ್ ಲಾರ್ಕಿನ್ಸ್ ಪಕ್ಷ. ನನ್ನದೂ ಅದೇ, ಮೊದಲೇ ಹೇಳಿಬಿಡುತ್ತೇನೆ.

"ಲಾರ್ಕಿನ್ಸ್ ಎಸೀತಿದ್ದ, ಓಡ್ತಿದ್ದ, ಒದೀತಿದ್ದ" ಎಂದು ಸೀಫಸ್ ಬೆರಳು ಮಡಚುತ್ತಾರೆ. "ಎಲ್ಲಕ್ಕಿಂತ ಮುಖ್ಯ, ಅರ್ಧ ಆಟ ಮುಗಿದು ಉಳಿದೋರೆಲ್ಲ ನೀರು ಕುಡಿಯೋಕೆ ಹೋದಾಗ, ಅವನು ಕೆಸರು ಬಟ್ಟೆಯಲ್ಲೇ ಬ್ಯಾಂಡ್ ಜೊತೆ ಡ್ರಮ್ ಬಾರಿಸ್ತಿದ್ದ! ನಿಮ್ಮ ಐಸಾಯಾ ಬಾರಿಸಿದ್ನಾ?"

"ಡ್ರಮ್ ಬಾರಿಸಿದ್ರೆ ಪಾಯಿಂಟ್ ಸಿಗುತ್ತೇನಯ್ಯಾ?" ಥರ್ಮನ್ ಮೇಜು ಕುಟ್ಟುತ್ತಾರೆ. "ಐಸಾಯಾ ಐದು ಜಾಗದಲ್ಲಿ ಆಡಿದ್ದಾನೆ, ಐದು! ನೀನು ಒಂದು ಕತ್ತರಿ ನೆಟ್ಟಗೆ ಹಿಡಿಯೋಕೆ ಕಲೀಲಿಲ್ಲ, ನೋಡು ನನ್ನ ಕಿವಿ."

ಹೋಟೆಲ್ ಕೇಕೆ ಹಾಕಿ ನಗುತ್ತದೆ. ಕಾಫಿ ಪಾತ್ರೆ ಹಿಡಿದ ಮಿಸ್ ಒಡೆಸ್ಸಾ, "ಇವತ್ತಾದ್ರೂ ಮುಗಿಸ್ತೀರೋ ಇಲ್ವೋ? ಒಬ್ಬರ ಹೆಸರು ಒಪ್ಪೋ ತನಕ ಯಾರಿಗೂ ಎರಡನೇ ಕಪ್ ಇಲ್ಲ" ಎಂದು ಗದರುತ್ತಾರೆ.

ಅಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಮೀನು ತಿನ್ನುತ್ತಿದ್ದ ಐಸಾಯಾ ಪೆಟ್‌ವೇ ಕೈ ಒರೆಸಿಕೊಂಡು ಏಳುತ್ತಾರೆ.

"ನಾನು ಐದು ಜಾಗದಲ್ಲಿ ಆಡ್ದೆ, ನಿಜ. ಆದ್ರೆ ಐದು ಕಡೆನೂ ನಾನು ನಾನೇ. ಈ ಥರ್ಮನ್ ವಾರಕ್ಕೊಬ್ಬ ಆಗ್ತಿದ್ದ. ಎದುರಿನವನು ಎಡಚ ಅಂತ ಗೊತ್ತಾದ ವಾರ, ಇವನು ಎಡಗೈಲಿ ಎಸೆಯೋಕೆ ಕಲಿತ. ಊಟದ ಚಮಚಾನೂ ಎಡಗೈಲೇ ಹಿಡೀತಿದ್ದ. ಎದುರಿನವನು ಆನೆ ಥರ ಇದ್ದಾನೆ ಅಂದ್ರೆ, ಹಾಸ್ಟೆಲಿನ ದಿಂಬೆಲ್ಲ ಬನಿಯನ್ನೊಳಗೆ ತುರುಕಿಕೊಂಡು ಬಂದು ನಿಂತ. ನಾವು ಅವನನ್ನ ದಿನಾ ಕೆಡವಿದ್ವಿ, ದಿನಾ ಎದ್ದ."

ಐಸಾಯಾ ಥರ್ಮನ್ ಕಡೆ ತಿರುಗುತ್ತಾರೆ.

"ಶನಿವಾರ ಆ ಎಡಚನ ಎದುರು ನಿಂತಾಗ ನನಗೆ ಅನ್ನಿಸಿದ್ದು ಒಂದೇ. ಅಯ್ಯೋ, ಇವನು ನಮ್ಮ ಥರ್ಮನ್ ಅಷ್ಟು ಚೆನ್ನಾಗಿ ಎಸೆಯಲ್ವಲ್ಲ! ಆ ವರ್ಷ ನಾವು ಒಂದೂ ಪಂದ್ಯ ಸೋಲಲಿಲ್ಲ. ಎದುರಾಳಿಗಳನ್ನೆಲ್ಲ ಬುಧವಾರವೇ ಸೋಲಿಸಿ ಮುಗಿಸಿದ್ವಿ. ಎಲ್ಲದಕ್ಕೂ ಸೈ ಅನ್ನೋನು ಬೇಕಾ? ಇಗೋ, ಕೂತಿದ್ದಾನೆ."

"ಏಯ್, ಕೂತ್ಕೊಳೋ" ಎಂದು ಥರ್ಮನ್ ಗೊಣಗುತ್ತಾರೆ. "ನಾನು ಒಂದು ಪಂದ್ಯಾನೂ ಆಡಿಲ್ಲ. ನನಗೆ ನಂಬರೇ ಇಲ್ಲ. ಅಲ್ಲದೆ ನಿಂದು ಆಗಲೇ ಬರೆದು ಒಣಗಿದೆ."

"ಬರೆದಿದ್ದೀಯಾ?" ಸೀಫಸ್ ಕೂಗುತ್ತಾರೆ. "ತೀರ್ಪಿಗೆ ಮುಂಚೆನೇ? ಕಳ್ಳ! ಅಳಿಸು ಹೋಗು!" ಎಂದವರೇ ತಮ್ಮ ಚಮಚ ಎತ್ತಿ ಮೇಜಿನ ಮೇಲೆ ಬಡಿಯತೊಡಗುತ್ತಾರೆ. ಇಲ್ಲಿ ಚಮಚ ಬಡಿದರೆ ಒಪ್ಪಿದಂತೆ. ಪಕ್ಕದ ಮೇಜು ಬಡಿಯುತ್ತದೆ, ಆಚೆಯ ಮೇಜು ಬಡಿಯುತ್ತದೆ. ಲಾರ್ಕಿನ್ಸ್ ಪಕ್ಷದ ನಾನೂ ಪೆನ್ನು ಬಿಟ್ಟು ಚಮಚ ಹಿಡಿಯುತ್ತೇನೆ. ಮಿಸ್ ಒಡೆಸ್ಸಾ ಎರಡನೇ ಕಪ್ಪಿನ ಮೊದಲ ಕಾಫಿಯನ್ನು ಥರ್ಮನ್‌ಗೆ ಸುರಿಯುತ್ತಾರೆ.

ಶನಿವಾರ ಬೆಳಿಗ್ಗೆ ಮತ್ತೆ ಹಗ್ಗ, ಮತ್ತೆ ಇಬ್ಬನಿ. ಥರ್ಮನ್ ತಮ್ಮ ಕೈಯಾರೆ ಬರೆದ ಏಳನ್ನು ಹಸಿರು ಬಣ್ಣ ಬಳಿದು ಮುಚ್ಚುತ್ತಾರೆ. "ಕ್ಷಮಿಸೋ ದೋಸ್ತ್" ಎಂದು ಪಕ್ಕದಲ್ಲಿ ನಿಂತ ಐಸಾಯಾಗೆ ಹೇಳುತ್ತಾರೆ. "ಬೇಗ ಬೇಗ ಕೈ ಆಡಿಸು" ಎಂಬುದು ಐಸಾಯಾ ಉತ್ತರ. ಆಮೇಲೆ ಥರ್ಮನ್ ಯೋಚನೆ ಮಾಡಿ ಮಾಡಿ, ಕೆಂಪು ಬಣ್ಣದಲ್ಲಿ ದೊಡ್ಡದೊಂದು ಬನಿಯನ್ ಬರೆಯುತ್ತಾರೆ. ಎದೆಯ ಮೇಲೆ ಯಾವ ಅಂಕಿಯೂ ಇಲ್ಲ. ಮೋಡ ಕವಿದ ಬೆಳಗು, ಬಣ್ಣ ಬೇಗ ಆರುವುದಿಲ್ಲ.

ಮಧ್ಯಾಹ್ನ ಮೈದಾನ ಕಿಕ್ಕಿರಿದಿದೆ. ಬ್ಯಾಂಡ್ ಸದ್ದಿಗೆ ಮರದ ಮೆಟ್ಟಿಲುಗಳು ಅದುರುತ್ತಿವೆ. ಚರ್ಚಿಗೆ ಹಾಕುವ ಬಿಳಿ ಸೂಟು ತೊಟ್ಟ ಥರ್ಮನ್ ತಾವೇ ಎಳೆದ ಗೆರೆಗಳನ್ನು ಒಂದೊಂದಾಗಿ ದಾಟಿ ನಡುವಿಗೆ ಬರುತ್ತಾರೆ. ಮೂವತ್ತು ವರ್ಷ ಈ ಹುಲ್ಲಿನ ಮೇಲೆ ಓಡಾಡಿದವರು, ಜನರೆದುರು ಇಲ್ಲಿ ಕಾಲಿಡುತ್ತಿರುವುದು ಇದೇ ಮೊದಲು. ನಾಣ್ಯ ಚಿಮ್ಮಲು ಬಂದ ರೆಫರಿ ಪರವೂರಿನವರು. ಕೆಂಪು ಬನಿಯನ್ ನೋಡಿ ಗಲಿಬಿಲಿಯಾಗಿ ಕೇಳುತ್ತಾರೆ: "ಸರ್, ತಾವು ಯಾವ ತಂಡದವರು?"

ಥರ್ಮನ್ ಎದೆಯುಬ್ಬಿಸಿ ನಿಲ್ಲುತ್ತಾರೆ.

"ಈ ವಾರ ಟಾಲಿವರ್, ಸರ್."

ಅಷ್ಟರಲ್ಲಿ ಐಸಾಯಾ ಗೆರೆಯಾಚೆಯಿಂದ ಓಡಿ ಬಂದು, ನಲವತ್ತು ವರ್ಷದ ಹಿಂದಿನ ಹಾಗೆಯೇ ಥರ್ಮನ್ ಸೊಂಟ ಹಿಡಿದು ಕೆಡವುತ್ತಾರೆ. ಅರವತ್ತು ದಾಟಿದ ಇಬ್ಬರೂ ಆ ಕೆಂಪು ಬನಿಯನ್ ಮೇಲೆ ದಬಾರನೆ ಉರುಳುತ್ತಾರೆ. ಜನ ಹುಚ್ಚೆದ್ದು ಕೂಗುತ್ತಾರೆ. ಸೀಫಸ್ ಬ್ಯಾಂಡ್‌ನವನ ಡ್ರಮ್ ಕಿತ್ತುಕೊಂಡು ಬಾರಿಸುತ್ತಿದ್ದಾರೆ. ನಾನಂತೂ ಅಳುತ್ತಿದ್ದೇನೆ, ಅದರಲ್ಲಿ ಮುಚ್ಚಿಡುವುದೇನಿದೆ?

ಥರ್ಮನ್ ಎದ್ದು ನನ್ನತ್ತ ಬರುತ್ತಾರೆ. ಮೊಣಕಾಲು, ಮೊಣಕೈ, ಬೆನ್ನು, ಎಲ್ಲ ಕೆಂಪು ಹಸಿರು. ಏನನ್ನಿಸುತ್ತಿದೆ ಎಂದು ಕೇಳುತ್ತೇನೆ. ಅವರು ಎರಡೂ ಕೈ ಅಗಲಿಸಿ ಹಾಳಾದ ಸೂಟನ್ನು ನನಗೆ ತೋರಿಸುತ್ತಾರೆ.

"ನೋಡಮ್ಮಾ. ಇವತ್ತು ಅವ್ವ ಇದ್ದಿದ್ರೆ ಒಗೆಯೋಕೆ ಕೈತುಂಬ ಕೆಲ್ಸ ಇರ್ತಿತ್ತು."