ಬಳೆಚೂರಿನ ದ್ರಾಕ್ಷಿಬಳ್ಳಿ

ನಿಪ್ಪಾಣಿಯ ಆ ಓಣಿಯ ಕ್ರೈಸ್ತರಲ್ಲಿ ಗಂಡ ತೀರಿಕೊಂಡವಳ ಬಳೆಯನ್ನು ಯಾರೂ ಕಲ್ಲಿಗೆ ಕುಕ್ಕಿ ಒಡೆಯುತ್ತಿರಲಿಲ್ಲ. ಮಣ್ಣು ಕೊಟ್ಟ ಮೇಲೆ ಅವಳೇ ಚರ್ಚಿಗೆ ಬಂದು ಬಳೆ ಕಳಚಿ ಕೊಡುತ್ತಿದ್ದಳು. ಗೋಡೆ ಕಟ್ಟುವ ಗೌಂಡಿ ಅವನ್ನು ಚೂರು ಮಾಡಿ, ಪಾಸ್ಟರು ನಿಲ್ಲುವ ಕಟ್ಟೆಯ ಹಿಂದಿನ ಗೋಡೆಗೆ ಹಸಿ ಸುಣ್ಣ ಮೆತ್ತಿ, ಒಂದೊಂದಾಗಿ ಒತ್ತುತ್ತಿದ್ದ. ಹಸಿರು ಚೂರು ಎಲೆ, ಕೆಂಪು ಚೂರು ಕೊಂಬೆ, ನೀಲಿ ಚೂರು ಹಣ್ಣು. ಮಿಶನ್ ಸಾಹೇಬರ ಕಾಲದಲ್ಲಿ ಗೇಣುದ್ದ ಇದ್ದ ದ್ರಾಕ್ಷಿಬಳ್ಳಿ ಹೆಂಗಸರ ದುಃಖ ಉಂಡು ಉಂಡು ಜಂತಿ ಮುಟ್ಟಿತ್ತು.

ಅದರ ಮೊದಲ ಎಲೆ ಒತ್ತಿದವನು ರಾಹೇಲವ್ವನ ಗಂಡನ ಅಜ್ಜ, ಭರಮು ಗೌಂಡಿ. ಕೊನೆಯ ಗೌಂಡಿ ಅವಳ ಗಂಡ ಯೋಹಾನ. ಅವನೇ ಹೋದಾಗ ಒತ್ತುವವರು ಯಾರೂ ಉಳಿದಿರಲಿಲ್ಲ. ರಾಹೇಲವ್ವ ತನ್ನ ಬಳೆಯನ್ನು ತಾನೇ ಒತ್ತಿದಳು, ಅಂಗೈ ಸುಣ್ಣಕ್ಕೆ ಸುಟ್ಟಿತು. ಆ ಎಲೆ ತುಸು ಸೊಟ್ಟಗಾಯಿತು. ಅದು ಕಾಣುವ ಬೆಂಚಿನಲ್ಲೇ ಅವಳು ಪ್ರತಿ ಐತವಾರ ಕೂಡುತ್ತಿದ್ದಳು, ಪಕ್ಕದಲ್ಲಿ ಬಾಲ್ಯದ ಗೆಳತಿ ಅನುಸೂಯಾ. ಅನುಸೂಯಾಳ ತಾಯಿಯ ನೀಲಿ ಬಳೆಗಳೂ ಆ ಬಳ್ಳಿಯಲ್ಲಿ ಹಣ್ಣಾಗಿದ್ದವು. ರಾಹೇಲವ್ವನಿಗೆ ಓದು ಬಾರದು. ಅನುಸೂಯಾ ಹಾಡಿನ ಸಾಲನ್ನು ಮುಂಚೆಯೇ ಅವಳ ಕಿವಿಯಲ್ಲಿ ಹೇಳುವಳು, ಇವಳು ಹಾಡುವಳು.

ಅನುಸೂಯಾಳ ಮಗ ವಿಶ್ವಾಸ ಚರ್ಚ್ ಕಮಿಟಿಯ ಸೆಕ್ರೆಟರಿ ಆದ. ಸಭೆಯಲ್ಲಿ ಎದ್ದು ನಿಂತು, "ಗೋಡಿ ಹಳೇದಾಗಿ ಹಸಿ ಹಿಡದೈತ್ರಿ. ಟೈಲ್ಸ್ ಹಚ್ಚಿದ್ರ ಲಕಲಕ ಅಂತೈತಿ" ಎಂದ.

"ನಿಮ್ಮವ್ವನ ಮಾರೀನೂ ಹಳೇದಾಗೈತಿ, ಮೊದಲ ಅಕೀಗಿ ಹಚ್ಚು" ಎಂದಳು ರಾಹೇಲವ್ವ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಗೋಡಿ ಕೆಡವೂದಾದ್ರ ಬಾಗಲದಾಗ ಅಡ್ಡ ಮಲಗ್ತೀನಿ. ನನ್ನ ದಾಟಿ ಹೋಗ್ರಿ."

ಅನುಸೂಯಾ ಅವಳ ಕೈ ಹಿಡಿದು ಕೂಡಿಸಿದಳು. "ನಾ ಇರೂತನಕ ಯಾರ ಮುಟ್ತಾರ ಬೇ?"

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅದೇ ಅನುಸೂಯಾ, "ಕಾಗವಾಡದಾಗ ತಂಗಿ ಕರದಾಳ, ನಾಕ ದಿನ ಇದ್ದ ಬರೂಣು ಬಾ" ಎಂದು ಕರೆದೊಯ್ದಳು. ತೋಟದ ಬಳ್ಳಿಯ ಕೆಳಗೆ ಕೂಡಿಸಿ, ಗೊಂಚಲು ಹರಿದು ಹರಿದು ಉಡಿಯಲ್ಲಿ ಹಾಕಿದಳು. ರಾಹೇಲವ್ವ ಊರಿಗೆ ಹೋಗೋಣ ಎಂದಾಗೆಲ್ಲ, "ಇನ್ನೊಂದ ದಿನ ಇರಲೇಳ" ಎನ್ನುವಳು.

ತಿರುಗಿ ಬಂದವರು ಚಹಾಕ್ಕೆಂದು ಮೊದಲು ಅನುಸೂಯಾಳ ಮನೆಗೆ ಹೋದರು. ಟಿವಿ ಪಕ್ಕ ಗಾಜಿನ ಬರಣಿಯಲ್ಲಿ ನೀಲಿ ಚೂರುಗಳಿದ್ದವು, ಅಂಚಿಗೆ ಇನ್ನೂ ಸುಣ್ಣ ಅಂಟಿತ್ತು. ವಿಶ್ವಾಸ ಹಿಗ್ಗಿನಿಂದ ಅದನ್ನೆತ್ತಿ ತೋರಿಸಿದ.

"ಅವ್ವಾ, ನೀ ಹೇಳಿದಂಗ ಅಜ್ಜೀ ಬಳಿಚೂರೆಲ್ಲಾ ಜ್ವಾಕೀಲೆ ತಗದೇನಿ."

ಅನುಸೂಯಾ ಸೆರಗಿನಿಂದ ಬೆವರೇ ಇಲ್ಲದ ಮುಖ ಒರೆಸಿಕೊಂಡಳು.

"ಉಳದದ್ದು?" ಎಂದು ರಾಹೇಲವ್ವ ಕೇಳಿದಳು.

ವಿಶ್ವಾಸ ತಾಯಿಯ ಕಡೆ ನೋಡಿದ. "ಉಳದದ್ದ ಪುಡಿ ಆತ್ರಿ. ಚರ್ಚಿನ ಅಂಗಳದ ತೆಗ್ಗಿಗೆ ಹಾಕೇವಿ."

"ನೀ ಅಡ್ಡ ಮಲಗಿದ್ರ ಜನ ನಿನ್ನ ಎತ್ತಿ ಹೊರಗ ಹಾಕ್ತಿದ್ರ," ಎಂದಳು ಅನುಸೂಯಾ. "ನಿನ್ನ ಮಾನ ಉಳಸಾಕ ಕರಕೊಂಡ ಹೋದ್ನಿ."

"ನನ್ನ ಮಾನ ಉಳಸಿದಿ. ನಿಮ್ಮವ್ವನ ಬಳಿಚೂರ ಉಳಸಿದಿ. ಮಗಗ ಹೇಳೂಮುಂದ ನನ್ನದೊಂದ ಎಲಿ ನೆನಪಾಗಲಿಲ್ಲೇನ?"

ಅನುಸೂಯಾ ಚಹಾದ ಕಪ್ಪು ಮುಂದೆ ಸರಿಸಿದಳು. ರಾಹೇಲವ್ವ ಅದನ್ನು ಮುಟ್ಟದೆ ಚಪ್ಪಲಿ ಮೆಟ್ಟಿದಳು.

ಐತವಾರ ಚರ್ಚಿನಲ್ಲಿ ಬಿಳಿ ಟೈಲ್ಸಿನ ಗೋಡೆ ಆಸ್ಪತ್ರೆಯ ಹಾಗೆ ಹೊಳೆಯುತ್ತಿತ್ತು. ಅನುಸೂಯಾ ಎಂದಿನಂತೆ ಪಕ್ಕ ಸರಿದು, ಪುಸ್ತಕ ತೆರೆದು, ಮೊದಲ ಸಾಲನ್ನು ಅವಳ ಕಿವಿಯ ಬಳಿ ತಂದಳು.

ಆ ಹಾಡುಗಳೆಲ್ಲ ರಾಹೇಲವ್ವನಿಗೆ ಚಿಕ್ಕಂದಿನಿಂದಲೇ ಬಾಯಿಪಾಠವಿದ್ದವು. ಗೆಳತಿ ಹೇಳಲಿ ಎಂದು ಇಷ್ಟು ವರ್ಷ ಸುಮ್ಮನೆ ಕಿವಿ ಕೊಟ್ಟಿದ್ದಳು, ಅಷ್ಟೇ. ಎದ್ದು ಮುಂದಿನ ಬೆಂಚಿಗೆ ಹೋಗಿ ಕೂತಳು. ಹಾರ್ಮೋನಿಯಂ ಪೆಟ್ಟಿಗೆ ಎತ್ತಿದ ಸುರಕ್ಕೆ ಎಲ್ಲರಿಗಿಂತ ಮೊದಲು ಹಾಡು ಹಿಡಿದಳು, ಒಂದು ಶಬ್ದವೂ ತಪ್ಪಲಿಲ್ಲ. ಹಿಂದೆ ಅನುಸೂಯಾಳ ದನಿ ಮಾತ್ರ ಕೇಳಲಿಲ್ಲ.