ಕಂಪ್ಯೂಟರು ಓದದೆ ಬಿಟ್ಟ ಸಾಲು

ನಮ್ಮ ಕಡೆ ಹೆಣ್ಣು ನೋಡಲು ಹೋಗುವ ಮುಂಚೆ ಮನೆ ಕೇಳುತ್ತಾರೆ. ಎರಡು ಮನೆಯೂ ಒಂದೇ ಮೂಲದಿಂದ ಒಡೆದವಾದರೆ ಅವರು ಅಣ್ಣತಮ್ಮಂದಿರು, ಮನೆದೇವರೂ ಒಂದೇ. ಹುಡುಗ ಹುಡುಗಿ ಅಣ್ಣತಂಗಿ ಆಗುತ್ತಾರೆ, ಮದುವೆ ಕೂಡದು. ಬೇರೆ ಮೂಲವಾದರೆ ನೆಂಟರು, ಆಗಬಹುದು. ಕೆರಗೋಡಿನ ಹತ್ತಿರದ ನಮ್ಮ ಊರಿನಲ್ಲಿ ಇದೆಲ್ಲ ಗೊತ್ತಿದ್ದವಳು ನಮ್ಮತ್ತೆ. ಅವಳು ಸತ್ತ ಮೇಲೆ ಜನ ನನ್ನನ್ನು ಕೇಳತೊಡಗಿದರು. ನಾನು ಓದಿದ್ದು ಮೂರನೇ ಕ್ಲಾಸು. ಇದಕ್ಕೆ ಓದು ಬೇಕಿರಲಿಲ್ಲ, ಹೇಳುತ್ತಿದ್ದೆ.

ಈಗ ಮದ್ದೂರಿನಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಸೊಸೆ ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರು ಪಾಠ ಮಾಡುತ್ತಾಳೆ. ಒಂದು ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅದೇ ವಾರ ನನ್ನ ತಂಗಿಯ ಮಗಳ ಹೆಸರು ನೆನಪಾಗಲಿಲ್ಲ, ಅವಳು ಎದುರಿಗೇ ಕೂತಿದ್ದಳು.

"ಅತ್ತೆ, ನಿಮಗೆ ಗೊತ್ತಿರೋ ಮನೆಗಳನ್ನೆಲ್ಲ ಹೇಳಿಬಿಡಿ. ನಾನು ಬರೆದಿಡ್ತೀನಿ" ಎಂದಳು ಸೊಸೆ.

"ನಾನ್ ಸತ್ತೋಯ್ತೀನಿ ಅಂತಾನಾ?"

"ಹೂಂ, ಅದಕ್ಕೇ."

ಅವಳ ಈ ಗುಣ ನನಗೆ ಸೇರುತ್ತದೆ.

ಬೇಸಿಗೆ ರಜೆಯಲ್ಲಿ ಕೂತೆವು. ಒಂದು ಮನೆಗೆ ಒಂದು ಸಾಲು: ಮನೆಯ ಹೆಸರು, ಊರು, ಮನೆದೇವರು. ನಾನು ಹೇಳಿದ್ದನ್ನು ಅವಳು ಕುಟ್ಟುತ್ತಾಳೆ, ಅವಳು ಬರೆದಿಟ್ಟ ಪ್ರೋಗ್ರಾಮು ಅದನ್ನು ಒಂದು ಫೈಲಿಗೆ ಹಾಕುತ್ತದೆ. ಎರಡು ಮನೆಯ ಹೆಸರು ಕೊಟ್ಟರೆ ಇನ್ನೊಂದು ಪ್ರೋಗ್ರಾಮು ಆ ಫೈಲನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದಿ, ಮನೆದೇವರು ಒಂದೇ ಆಗಿದ್ದರೆ ಆಗಲ್ಲ ಎಂದೂ, ಬೇರೆಯಾಗಿದ್ದರೆ ಆಗುತ್ತದೆ ಎಂದೂ ಹೇಳುತ್ತದೆ. ಮೊದಲ ದಿನ ಬಸರಾಳು ಕಡೆಯ ಮನೆಗಳನ್ನು ಹೇಳಿ ಮುಗಿಸಿದೆ. ಎರಡನೇ ದಿನ ಮಳವಳ್ಳಿ ಕಡೆಯವು. ಸಂಜೆ ತೆರೆದು ನೋಡಿದರೆ ಎರಡನೇ ದಿನದ್ದು ಮಾತ್ರ ಇದೆ. ಸೊಸೆ ತಲೆ ಹಿಡಿದುಕೊಂಡಳು.

"ಫೈಲು ತೆರೆಯುವಾಗ ಡಬ್ಲ್ಯೂ ಅಂತ ಕೊಟ್ಟಿದ್ದೆ ಅತ್ತೆ. ಹಂಗಂದ್ರೆ ಹೊಸದಾಗಿ ಬರಿ ಅಂತ. ಹಳೇದನ್ನೆಲ್ಲ ಅಳಿಸಿ ಬರೆಯುತ್ತೆ. ಎ ಅಂತ ಕೊಟ್ಟಿದ್ರೆ ಹಳೇದ್ರ ಕೆಳಗೆ ಸೇರಿಸ್ತಿತ್ತು."

"ಮಕ್ಳಿಗೆ ಇದ್ನೇ ಏಳ್ಕೊಡ್ತೀಯಾ?"

"ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಿಕೊಡೋದು."

"ಚೆನ್ನಾಗೈತೆ ಬುಡು."

ಬಸರಾಳು ಕಡೆಯದನ್ನು ಮತ್ತೆ ಹೇಳಿದೆ. ಆಗ ಅವಳು ಕೈ ನಿಲ್ಲಿಸಿ, "ಮೊನ್ನೆ ಈ ಮನೆಗೆ ಬೇರೆ ದೇವರು ಹೇಳಿದ್ರಿ" ಎಂದಳು. ಇಲ್ಲ ಎಂದೆ. ಇನ್ನೊಂದು ಮನೆಗೂ ಹಾಗೇ ಆಯಿತು. ಅವಳು ಸುಳ್ಳು ಹೇಳುವವಳಲ್ಲ. ಇಷ್ಟು ವರ್ಷ ಎಷ್ಟು ಜನರಿಗೆ ಆಗುತ್ತದೆ, ಆಗಲ್ಲ ಎಂದು ಹೇಳಿ ಕಳಿಸಿದ್ದೆ.

ಅವತ್ತಿನಿಂದ ಹೊಸ ಕ್ರಮ ಮಾಡಿದೆವು. ನನಗೆ ಖಾತ್ರಿ ಇರುವುದನ್ನು ಹಾಗೇ ಬರೆಯುವುದು. ಬರೀ ಕೇಳಿದ್ದಾದರೆ ಸಾಲಿನ ಮುಂದೆ ಒಂದು ಗುರುತು ಹಾಕುವುದು. ಎರಡು ಉದ್ದಗೆರೆ, ಎರಡು ಅಡ್ಡಗೆರೆಯ ಗುರುತು. ಅದಿದ್ದ ಸಾಲನ್ನು ಪ್ರೋಗ್ರಾಮು ಓದದೆ ದಾಟಿಕೊಂಡು ಹೋಗುವಂತೆ ಸೊಸೆ ಬರೆದಳು. ನಾವು ಮಾತ್ರ ಓದಬಹುದು. ಸರಿ ಎಂದೆ. ಖಾತ್ರಿ ಇಲ್ಲದ ಮಾತಿನಿಂದ ಯಾರ ಮದುವೆಯೂ ಮುರಿಯದಿರಲಿ ಎಂದು ನಾನೇ ಒಪ್ಪಿದ್ದು.

ಆಮೇಲೆ ಒಂದು ದಿನ ಕಣ್ಣು ತೋರಿಸಿಕೊಳ್ಳಲು ಮಂಡ್ಯಕ್ಕೆ ಹೋಗಿದ್ದೆ. ಆ ಹೊತ್ತಿನಲ್ಲಿ ಊರಿನಿಂದ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಫೋನು ಮಾಡಿದ್ದಾಳೆ. ಅವಳ ಮಗನಿಗೆ ಮೂವತ್ತನಾಲ್ಕು ದಾಟಿತ್ತು. ಗದ್ದೆ ಇದೆ, ಕಬ್ಬು ಇದೆ, ಹೆಣ್ಣು ಕೊಡುವವರಿಲ್ಲ. ವ್ಯವಸಾಯದವನು ಎಂದ ಕೂಡಲೇ ಕಾಫಿ ಕೊಟ್ಟು ಕಳಿಸುತ್ತಿದ್ದರು. ಈಗ ಮಳವಳ್ಳಿ ಆಚೆಯ ಒಂದು ಮನೆಯವರು ಕೊಡುತ್ತೇವೆ ಎಂದಿದ್ದರು. ಕೆರೆ ಏರಿಯ ಪಕ್ಕದ ಮನೆ, ಏರಿ ಮನೆ ಎಂದೇ ಹೆಸರು. ಸೊಸೆ ಎರಡು ಹೆಸರನ್ನೂ ಕೊಟ್ಟು ನೋಡಿದಳು. ಆಗುತ್ತದೆ ಎಂದು ಬಂತು. ಹಾಗೇ ಹೇಳಿದಳು.

ನಾನು ಸಂಜೆ ಬಂದು ಕಾಲು ತೊಳೆಯುತ್ತಿರುವಾಗ ಅವಳು ಈ ಸುದ್ದಿ ಹೇಳಿದ್ದು. ಏರಿ ಮನೆ ಎಂದದ್ದೇ ಚೊಂಬು ಅಲ್ಲೇ ಇಟ್ಟು ಒಳಗೆ ಬಂದೆ.

"ಫೈಲು ತಗಿ" ಎಂದೆ.

"ಆಗುತ್ತೆ ಅಂತ ಬಂದಿದೆ ಅತ್ತೆ. ದೇವರು ಬೇರೆ."

"ಉತ್ತರ ಕೇಳ್ನಿಲ್ಲ ನಾನು. ಬರ್ದಿರೋದ್ನ ತೋರ್ಸು."

ತೋರಿಸಿದಳು. ಬೆರಳಿಟ್ಟು ಓದಿದೆ. ಏರಿ ಮನೆಯ ಸಾಲು ಇತ್ತು, ಮನೆದೇವರು ನಮ್ಮದಲ್ಲ. ಅದರ ಕೆಳಗೆ ಗುರುತು ಹಾಕಿದ ಇನ್ನೊಂದು ಸಾಲು: ನಮ್ಮ ಮಾವನ ಚಿಕ್ಕಪ್ಪ ಚಿಕ್ಕವನಿರುವಾಗ ಏರಿ ಮನೆಗೆ ದತ್ತು ಹೋದನಂತೆ, ಅತ್ತೆ ಹೇಳಿದ್ದು, ಖಾತ್ರಿ ಇಲ್ಲ.

ದತ್ತು ಹೋದವನು ಅಲ್ಲಿಯ ದೇವರನ್ನು ಹಿಡಿಯುತ್ತಾನೆ. ರಕ್ತ ನಮ್ಮದೇ. ಬೆಳಗಾದರೆ ಓರಗಿತ್ತಿಯ ಮನೆಯವರು ಎಲೆ ಅಡಿಕೆ ಬದಲಾಯಿಸಲು ಹೊರಡುವವರಿದ್ದರು. ಅದಾದರೆ ಮದುವೆ ಆದ ಹಾಗೇ.

ಓರಗಿತ್ತಿಗೆ ಫೋನು ಮಾಡಿ ಹೇಳಿದೆ.

"ಕಂಪೂಟ್ರು ಆಯ್ತದೆ ಅಂತದೆ, ನೀನು ಆಗಲ್ಲ ಅಂತೀಯಾ? ಖಾತ್ರಿನಾ ಅಕ್ಕಯ್ಯ?"

"ಖಾತ್ರಿ ಇಲ್ಲ ಕಣವ್ವ."

"ಮತ್ತೆ ಬಾಯ್ಮುಚ್ಕೊಂಡು ಕೂತ್ಕೊ. ನಿನ್ ಮಗಂಗೆ ಎಣ್ಣು ಸಿಕ್ತು. ನನ್ ಮಗ ಇಂಗೇ ಮುದ್ಕ ಆಗ್ಲಾ?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಮಾತು ಸುಳ್ಳಾದರೆ ಆ ಹುಡುಗನ ಬಾಳು ನಾನು ಕೆಡಿಸಿದ ಹಾಗೆ. ನಿಜವಾಗಿದ್ದು ನಾನು ಸುಮ್ಮನಿದ್ದರೆ ಅಣ್ಣತಂಗಿಗೆ ತಾಳಿ ಕಟ್ಟಿಸಿದ ಹಾಗೆ. ಏರಿ ಮನೆಯಲ್ಲಿ ನನಗಿಂತ ಹಿರಿಯಳೊಬ್ಬಳು ಇನ್ನೂ ಬದುಕಿದ್ದಾಳೆಂದು ಗೊತ್ತಿತ್ತು. ಬೆಳಗಿನ ಮೊದಲ ಬಸ್ಸಿಗೆ ಸೊಸೆಯನ್ನು ಕರೆದುಕೊಂಡು ಮಳವಳ್ಳಿಗೆ ಹೋದೆ. ಅಲ್ಲಿಂದ ಆಟೋ. ಗಂಡಿನ ಕಡೆಯವರು ಬರಲು ಇನ್ನೂ ಹೊತ್ತಿತ್ತು. ಆ ಮುದುಕಿ ಹಿತ್ತಲ ಒಲೆಯ ಮುಂದೆ ನೀರು ಕಾಯಿಸುತ್ತಿದ್ದಳು. ಯಾರ ಮನೆಯವಳೆಂದು ಹೇಳಿ ನೇರವಾಗಿ ಕೇಳಿದೆ.

"ನಿಮ್ಮನೇಗೆ ನಮ್ಮನೆ ಉಡ್ಗ ಒಬ್ಬ ದತ್ತು ಬಂದಿದ್ನಂತೆ. ಔದಾ?"

"ಈಗ ಕೇಳಕ್ ಬಂದ್ಯಾ? ಒಬ್ಬಟ್ಟು ಬೇಯ್ತಾ ಅವೆ ಒಳಗೆ."

"ಒಬ್ಬಟ್ಟು ಆಮೇಕೆ. ಬಂದಿದ್ನಾ ಇಲ್ವಾ?"

"ಬಂದಿದ್ದ. ಎರಡು ವರ್ಸ ಇದ್ದ. ಇಲ್ಲಿ ನೀರು ಉಪ್ಪು ಅಂತ ಅಳ್ತಿದ್ನಂತೆ. ಒಂದಿನ ಓಡ್ಬುಟ್ಟ. ಆಮೇಲೆ ನಮ್ಮಾವ ಉಟ್ಟಿದ್ದು. ನಾವೆಲ್ಲ ನಮ್ಮಾವನ ವಂಸ ಕಣಮ್ಮ."

ಇದನ್ನು ಅವಳು ಒಲೆ ನೋಡಿಕೊಂಡು ಹೇಳಿದಳು, ನನ್ನ ಮುಖ ನೋಡಲಿಲ್ಲ. ಓಡಿದವನು ನಮ್ಮ ಮನೆಗೆ ವಾಪಸ್ಸು ಬಂದನೆಂದು ಅತ್ತೆ ಯಾವತ್ತೂ ಹೇಳಿರಲಿಲ್ಲ. ಹೋದವನು ಹೋದ ಎಂದಷ್ಟೇ ಹೇಳುತ್ತಿದ್ದಳು. ಇವರಿಗೂ ಹುಡುಗಿಯ ಮದುವೆ ಆಗಬೇಕಿತ್ತು. ಇನ್ನೊಂದು ಸಲ ಕೇಳಿದೆ. "ನಾನೇನ್ ಸುಳ್ಳಿನೋಳಾ?" ಎಂದಳು.

ಗಂಡಿನ ಕಡೆಯವರು ಬಂದು ಚಾಪೆಯ ಮೇಲೆ ಕೂತ ಮೇಲೆ, ಎಲ್ಲರ ಮುಂದೆ ಎರಡು ಮಾತನ್ನೂ ಹೇಳಿದೆ, ಅತ್ತೆ ಹೇಳಿದ್ದನ್ನೂ ಈ ಅಜ್ಜಿ ಹೇಳಿದ್ದನ್ನೂ. ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಓರಗಿತ್ತಿ ಎದ್ದು ಎಲೆ ಅಡಿಕೆಯ ತಟ್ಟೆ ತೆಗೆದುಕೊಂಡಳು.

"ಓಡೋದೋನ್ ಓಡೋದ. ಬದ್ಲಾಯ್ಸಿ" ಎಂದಳು.

ಬದಲಾಯಿಸಿದರು. ಶ್ರಾವಣದಲ್ಲಿ ಮದುವೆ ಆಯಿತು. ಓರಗಿತ್ತಿ ನನ್ನನ್ನು ಕರೆದಳು, ಮಾತಾಡಿಸಲಿಲ್ಲ.

ಹುಡುಗಿ ಈಗ ಏಳು ತಿಂಗಳ ಬಸುರಿ. ಮೂರು ತಲೆಮಾರು ಆದ ಮೇಲೆ ಏನೂ ಆಗಲ್ಲ ಎಂದು ಸೊಸೆ ಹೇಳುತ್ತಾಳೆ. ಆಗದೆ ಇರಬಹುದು. ಮಂಡ್ಯದಲ್ಲಿ ಸ್ಕ್ಯಾನು ಮಾಡಿ ಎಲ್ಲ ಸರಿ ಇದೆ ಎಂದರಂತೆ. ಆ ಚೀಟಿಯ ಫೋಟೋ ತರಿಸಿಕೊಂಡು ಸೊಸೆಯ ಕೈಲಿ ಎರಡು ಸಲ ಓದಿಸಿದೆ, ಒಂದು ಸಾಲೂ ಬಿಡದ ಹಾಗೆ. ಇನ್ನು ಎರಡು ತಿಂಗಳಿದೆ. ಫೋನು ಬಡಿದುಕೊಂಡರೆ ಈಗ ನಾನು ಎತ್ತುವುದಿಲ್ಲ, ಏನು ಸುದ್ದಿಯೋ ಎಂದು ಸೊಸೆಗೇ ಎತ್ತು ಎನ್ನುತ್ತೇನೆ.